ಆಯಿ ಚುಚ್ಚಿದ ಸೂಜಿ

ನಮ್ಮ ಕಡೆ ಯಾವ ಮಗುವಿಗೆ ಸಕ್ಕರೆ ಕಾಯಿಲೆ ಬಂದರೂ ಜಮಖಂಡಿಯ ಡಾಕ್ಟರಬಾಯಿ ಅದರ ತಂದೆತಾಯಿಯನ್ನು ಒಮ್ಮೆ ನನ್ನ ಮನೆಗೆ ಕಳಿಸುತ್ತಾರೆ. "ತೇರದಾಳಕ್ಕ ಹೋಗಿ ಸುಮತಿ ಟೀಚರ್‌ನ ನೋಡಿ ಬರ್ರಿ" ಅನ್ನುತ್ತಾರಂತೆ. ನೋಡಿ ಬರಲು ನಾನೇನು ಬಸದಿಯ ಮೂರ್ತಿಯಲ್ಲ. ಹದಿನೇಳನೇ ವಯಸ್ಸಿನಿಂದ ದಿನಕ್ಕೆ ಎರಡು ಸಲ ಇನ್ಸುಲಿನ್ ತೆಗೆದುಕೊಳ್ಳುತ್ತಾ ಇನ್ನೂ ಬದುಕಿದ್ದೇನೆ, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ಮಕ್ಕಳ ಕಿವಿ ಹಿಂಡುತ್ತೇನೆ. ಬಂದವರಿಗೆ ಅಷ್ಟು ಕಂಡರೆ ಸಾಕು.

ಕಳೆದ ತಿಂಗಳು ಚಿಮ್ಮಡದಿಂದ ಗಂಡ ಹೆಂಡತಿ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದರು. ಹೆಂಡತಿ ಚಹಾದ ಕಪ್ಪು ಕೆಳಗಿಟ್ಟು ಕೇಳಿದಳು.

"ಟೀಚರ್ರ, ಇದು ಎಂದ ಮುಗೀತೈತ್ರಿ?"

"ಮುಗಿಯೂದಿಲ್ಲ" ಎಂದೆ.

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಇದು ಹುಟ್ಟುಗುಣ. ಅವರು ಆಟೋ ಹತ್ತಿ ಹೋದ ಮೇಲೆ ಆ ಹುಡುಗಿಯ ಮುಖ ಕಣ್ಣಿಗೆ ಕಟ್ಟಿದಂತಾಯಿತು. ಮುಗಿಯುವುದಿಲ್ಲ ಎಂದ ಮೇಲೆ ಹೇಳಬೇಕಾದದ್ದು ಇನ್ನೂ ಇತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕಾಯಿಲೆಯನ್ನು ಮನೆಯಲ್ಲಿ ಮೊದಲು ಕಂಡುಹಿಡಿದದ್ದು ಇರುವೆಗಳು. ಆಗ ನಾನು ಬನಹಟ್ಟಿಯಲ್ಲಿ ಪಿಯುಸಿ ಓದುತ್ತಿದ್ದೆ. ದಿನಾ ಬೆಳಿಗ್ಗೆ ನಮ್ಮ ಬಚ್ಚಲಿನ ಮೋರಿಯ ಬಾಯಿಯಲ್ಲಿ ಕೆಂಪು ಇರುವೆಗಳು ಕಿಕ್ಕಿರಿಯತೊಡಗಿದವು. ನಾವು ಜೈನರು; ನನ್ನ ಆಯಿ, ಎಂದರೆ ಅಪ್ಪನ ತಾಯಿ, ಸೋಸದ ನೀರನ್ನು ಕಾಲು ತೊಳೆಯಲೂ ಬಳಸದವಳು. ಆಕೆ ನೀರು ಹಾಕಿ ಇರುವೆ ಕೊಚ್ಚಿಸುವುದುಂಟೇ? ಮೋರಿಯಿಂದ ಹಿತ್ತಲಿನವರೆಗೆ ಗೋಧಿ ಹಿಟ್ಟಿನ ಗೆರೆ ಎಳೆದು, ಅವೆಲ್ಲ ಸಾಲು ಹಿಡಿದು ಹೊರಗೆ ಹೋಗುವ ತನಕ ಯಾರನ್ನೂ ಸ್ನಾನಕ್ಕೆ ಬಿಡುತ್ತಿರಲಿಲ್ಲ. "ತಡಿ ಬೇ, ಅವುಕೂ ಹೊಟ್ಟಿ ಐತಿ" ಎನ್ನುವಳು. ಸುಮಾರು ಆರು ವಾರ ಹೀಗೆ ನಡೆಯಿತು. ಅವುಗಳನ್ನು ಉಳಿಸುವ ಗಡಿಬಿಡಿಯಲ್ಲಿ, ನನ್ನ ಮೂತ್ರ ಬಿದ್ದ ಜಾಗಕ್ಕೇ ಅವು ಯಾಕೆ ಬರುತ್ತಿವೆ ಎಂದು ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ನನ್ನ ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಕಾಲೇಜಿನ ನಲ್ಲಿಗೆ ಬಾಯಿ ಕೊಟ್ಟು ಕುಡಿದರೂ ನೀರಡಿಕೆ ತೀರುತ್ತಿರಲಿಲ್ಲ. ಅವ್ವ ಪರೀಕ್ಷೆಯ ಚಿಂತೆ ಎಂದಳು. ನೆರೆಮನೆಯವರು ಹುಡುಗಿ ಎತ್ತರ ಆಗುತ್ತಿದ್ದಾಳೆ ಎಂದರು. ಒಂದು ಸಂಜೆ ಬಸ್ಸಿನ ಮೆಟ್ಟಿಲು ಹತ್ತಲು ಕಾಲೇ ಏಳಲಿಲ್ಲ, ಕಂಡಕ್ಟರು ರಟ್ಟೆ ಹಿಡಿದು ಎತ್ತಿಕೊಂಡರು. ಮರುದಿನ ಅಪ್ಪ ತಮ್ಮ ನೂಲಿನ ಅಂಗಡಿ ಮುಚ್ಚಿ ನನ್ನನ್ನು ಜಮಖಂಡಿಗೆ ಕರೆದುಕೊಂಡು ಹೋದರು.

ದವಾಖಾನೆಯ ಬೆಂಚಿನ ಮೇಲೆ ಎಲ್ಲರೂ ಮುದುಕರು. ಪಕ್ಕದಲ್ಲಿ ಕೂತಿದ್ದ ರುಮಾಲಿನ ಅಜ್ಜ ಮಾತಿಗೆಳೆದರು.

"ಯಾರಿಗವ್ವಾ ಸಕ್ಕರಿ, ನಿಮ್ಮಪ್ಪಗೇನು?"

"ನನಗ ಇರಬೇಕಂತರಿ."

ಅಜ್ಜ ಚಷ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಅವರ ಪಾಳಿ ನನಗಿಂತ ಮೊದಲಿತ್ತು. ಕಾಂಪೌಂಡರ್ ಕೂಗಿದಾಗ "ಈ ಕೂಸಿನ್ನ ಮೊದಲ ಕರೀರಿ" ಎಂದರು. ನನಗೆ ನಿಜವಾದ ಹೆದರಿಕೆ ಹುಟ್ಟಿದ್ದು ಆಗ.

ಡಾಕ್ಟರಬಾಯಿ ಸುತ್ತು ಬಳಸಿ ಮಾತಾಡುವವರಲ್ಲ. "ತಂಗಿ, ಇದು ಗುಳಿಗಿಗೆ ಬಗ್ಗೂದಲ್ಲ. ಮುಂಜಾನಿ ಒಂದು, ಸಂಜೀಕ ಒಂದು ಸೂಜಿ. ಜೀವ ಇರೂ ತನಕ" ಎಂದರು. ಅಪ್ಪ ಔಷಧ ಚೀಟಿಯನ್ನು ಮಡಚಿದರು, ಮತ್ತೆ ಮಡಚಿದರು, ಇನ್ನು ಮಡಚಲು ಬರದಷ್ಟು ಸಣ್ಣದಾಗುವ ತನಕ ಮಡಚಿದರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ಅವರು ಅಳುತ್ತಿದ್ದರೆಂದು ನನಗೆ ಗೊತ್ತು.

ಮನೆಯಲ್ಲಿ ಫ್ರಿಜ್ ಇರಲಿಲ್ಲ. ಉಸುಕು ತುಂಬಿ ನೀರು ಚಿಮುಕಿಸಿದ ಮಡಕೆಯಲ್ಲಿ ಔಷಧದ ಸೀಸೆ ಇಟ್ಟೆವು. ನೂಲಿನ ಬೇಲು ಹೊತ್ತ ಅಪ್ಪನ ಕೈ ಆ ಸಣ್ಣ ಸೂಜಿ ಹಿಡಿದರೆ ನಡುಗುತ್ತಿತ್ತು. ಒಂದು ಬುಟ್ಟಿ ಸವತೆಕಾಯಿಗೆ ಚುಚ್ಚಿ ಚುಚ್ಚಿ ರೂಢಿ ಮಾಡಿಕೊಂಡರು. ಒಂದು ವಾರದಲ್ಲಿ ನಾನೇ ಚುಚ್ಚಿಕೊಳ್ಳಲು ಕಲಿತೆ. ಮೈ ತುಂಬಿತು, ಬಳೆ ಮಣಿಕಟ್ಟಿಗೆ ನಿಂತವು. ಗೆದ್ದೆ ಎಂದುಕೊಂಡೆ. ಹದಿನೇಳರ ವಯಸ್ಸಿಗೆ ಅಷ್ಟು ಸೊಕ್ಕು ಇರಬಾರದೇ?

ಸೊಕ್ಕು ಇಳಿಸಿದ್ದು ಔಷಧದ ಪೆಟ್ಟಿಗೆಯೊಳಗೆ ಮಡಚಿಟ್ಟಿದ್ದ ತೆಳು ಕಾಗದ. ಕೈಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ ನನ್ನದು. ಇಂಗ್ಲಿಷಿನ ಒಂದು ಶಬ್ದ ಗೊತ್ತಾಗಲಿಲ್ಲ. ಕಾಲೇಜಿನ ಲೈಬ್ರರಿಯಲ್ಲಿ ನಿಘಂಟು ತೆಗೆದು ನೋಡಿದೆ. ದನಕ್ಕೆ ಸಂಬಂಧಪಟ್ಟದ್ದು ಎಂದಿತ್ತು. ಕಡಿದ ದನಗಳ ಹೊಟ್ಟೆಯೊಳಗಿನ ಗ್ರಂಥಿಯಿಂದ ಔಷಧ ತೆಗೆಯುತ್ತಾರೆಂದು ಅಲ್ಲೇ ನಿಂತು ಇನ್ನೊಂದು ಪುಸ್ತಕದಲ್ಲಿ ಓದಿದೆ. ಹಿಂದಿನ ಮೂರು ತಿಂಗಳು ನಾನು ಮೈಗೆ ಸೇರಿಸಿಕೊಂಡದ್ದು ಅದು. ನಿಘಂಟನ್ನು ಕಪಾಟಿನಲ್ಲಿ ತಲೆಕೆಳಗಾಗಿ ಇಟ್ಟು ಬಂದೆ.

ಹದಿನೈದು ದಿನ ಬಾಯಿ ಬಿಡಲಿಲ್ಲ. ಬಸದಿಗೆ ಆಯಿಯ ಜೊತೆ ಹೋದರೂ ಹೊಸ್ತಿಲು ದಾಟದೆ ಹೊರಗೇ ನಿಲ್ಲುತ್ತಿದ್ದೆ. ಒಂದು ದಿನ ಆಕೆ ಪೂಜೆಯ ತಟ್ಟೆ ಹಿಡಿದುಕೊಂಡೇ ತಿರುಗಿ ಬಂದಳು.

"ಯಾಕ ಒಳಗ ಬರವಲ್ಲಿ?"

ಆಯಿಗೆ ಸುಳ್ಳು ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ಹೇಳಿಬಿಟ್ಟೆ. ಆಕೆ ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡಳು. "ನಿಮ್ಮಪ್ಪಗ ಹೇಳಬ್ಯಾಡ. ಎದಿ ಒಡಕೊಂತಾನ" ಎಂದಳು. ಅಂದು ಸಂಜೆಯೇ ಮಡಕೆ ಅಡುಗೆಮನೆಯಿಂದ ಹಿತ್ತಲ ಕಟ್ಟೆಗೆ ಹೋಯಿತು. ಅಂದಿನಿಂದ ನನ್ನ ಕೈಯಿಂದ ಆಯಿ ನೀರು ಕುಡಿಯುವುದನ್ನು ಬಿಟ್ಟಳು. ನಾನು ತಂಬಿಗೆ ತಂದರೆ "ಈಗ ಬ್ಯಾಡವ್ವಾ" ಎಂದು, ಆಮೇಲೆ ಮೆಲ್ಲಗೆ ಎದ್ದು ಹೋಗಿ ತಾನೇ ಕುಡಿಯುವಳು. ಬೈದಿದ್ದರೆ ನಾನೂ ಜಗಳಾಡುತ್ತಿದ್ದೆ. ಈ ಸಣ್ಣ ದನಿಯ ಮುಂದೆ ಏನು ಮಾಡುವುದು? ಡಾಕ್ಟರಬಾಯಿಗೆ ಒಂದು ಮಾತು ಕೇಳಿದ್ದರೆ ಎಲ್ಲ ಬಗೆಹರಿಯುತ್ತಿತ್ತು. ನಾಚಿಕೆಗೆ ಕೇಳಲಿಲ್ಲ.

ಭಾದ್ರಪದ ಬಂತು, ದಶಲಕ್ಷಣ ಪರ್ವ ಬಂತು. ಹತ್ತು ದಿನ ಹಿರಿಯರೆಲ್ಲ ವ್ರತ ಹಿಡಿಯುತ್ತಾರೆ. ಕಟ್ಟುನಿಟ್ಟಿನವರು ದಿನಕ್ಕೆ ಒಂದೇ ಊಟ, ಕಾಸಿದ ನೀರೂ ಆ ಊಟದ ಜೊತೆಗೆ ಮಾತ್ರ. ಹಿಂದಿನ ದಿನ ಆಯಿ ನನ್ನ ಪಕ್ಕ ಕೂತು ಕಾಳು ಹಸನು ಮಾಡುತ್ತಾ ಕೇಳಿದಳು.

"ಈ ಹತ್ತ ದಿನರೆ ಅದು ಇಲ್ಲದ ನಡೀತೈತೇನು?"

ನಾನು ಲೆಕ್ಕದಲ್ಲಿ ಜಾಣೆ. ತಕ್ಷಣ ಲೆಕ್ಕ ಹಾಕಿದೆ. ಉಂಡರೆ ಸಕ್ಕರೆ ಏರುತ್ತದೆ, ಏರಿದ ಸಕ್ಕರೆ ಇಳಿಸಲು ಸೂಜಿ. ಉಣ್ಣದೇ ಇದ್ದರೆ ಏರುವುದೇನು, ಇಳಿಸುವುದೇನು? "ನಡೀತೈತಿ ಬೇ ಆಯಿ, ನಾನೂ ಉಪಾಸ ಹಿಡೀತೇನಿ" ಎಂದೆ. ಆಕೆಯ ಮುಖ ಅರಳಿದ್ದು ನನಗೆ ಇವತ್ತಿಗೂ ಮರೆತಿಲ್ಲ.

ಈ ಬರಹ ಓದುವವರು ಉಳಿದದ್ದನ್ನೆಲ್ಲ ಮರೆತರೂ ಇದೊಂದನ್ನು ಮರೆಯಬಾರದು: ಆ ಲೆಕ್ಕ ತಪ್ಪು. ಈ ಕಾಯಿಲೆ ಇದ್ದವರ ಮೈ ಉಪವಾಸವಿದ್ದರೂ ಇನ್ಸುಲಿನ್ ಕೇಳುತ್ತದೆ. ಸಿಗದಿದ್ದರೆ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ.

ಮೊದಲ ದಿನ ಹಗುರ ಅನಿಸಿತು. ಮೈ ತೊಳೆದುಕೊಂಡಂತೆ. ಎರಡನೇ ದಿನ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು. ಮನೆಯಲ್ಲಿ ವ್ರತ ಹಿಡಿದವರೆಲ್ಲರಿಗೂ ನೀರಡಿಕೆಯಾಗಿತ್ತು. ನನ್ನದು ವ್ರತದ ನೀರಡಿಕೆಯೋ ಕಾಯಿಲೆಯ ನೀರಡಿಕೆಯೋ ತಿಳಿಯಲಿಲ್ಲ. ವ್ರತದ್ದೇ ಎಂದು ನಂಬಿದೆ. ಆ ಮಧ್ಯಾಹ್ನ ಆಯಿ ಊಟಕ್ಕೆ ಕೂತಾಗ ನಾನು ಕಾಸಿದ ನೀರಿನ ತಂಬಿಗೆ ತಂದೆ. ಆಕೆ ಕೈ ಚಾಚಿ ಇಸಿದುಕೊಂಡು ನನ್ನೆದುರಿಗೇ ಕುಡಿದಳು. ಎಷ್ಟೋ ವಾರಗಳ ಮೇಲೆ. ಸಾಯಲು ಹೊರಟಿದ್ದ ಹುಡುಗಿ ಅಂದು ಅಷ್ಟು ಸುಖವಾಗಿದ್ದಳು.

ಮೂರನೇ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ವಾಂತಿ ಶುರುವಾಯಿತು. ಗೋಡೆಗೆ ಒರಗಿ ಸುಮ್ಮನೆ ಕೂತಿದ್ದರೂ ಓಡಿ ಬಂದವಳಂತೆ ಏದುಸಿರು. ಬೀದಿಯ ಮಗ್ಗಗಳ ಸದ್ದು ಹತ್ತಿರ ಬಂದಂತೆ, ದೂರ ಹೋದಂತೆ ಕೇಳುತ್ತಿತ್ತು. ಅವ್ವ ನನ್ನ ಮುಖದ ಹತ್ತಿರ ಬಗ್ಗಿದವಳು ಥಟ್ಟನೆ ಹಿಂದೆ ಸರಿದಳು. ನನ್ನ ಉಸಿರು ಕೊಳೆತ ಹಣ್ಣಿನಂತೆ ನಾರುತ್ತಿತ್ತಂತೆ. ಹಿತ್ತಲಿಗೆ ಓಡಿ ಮಡಕೆ ನೋಡಿದಳು. ಸಿರಿಂಜಿನ ಪಾಕೀಟುಗಳು ಒಡೆಯದೆ ಹಾಗೇ ಇದ್ದವು.

"ಲೇ, ಸೂಜಿ ಬಿಟ್ಟ ಎಷ್ಟ ದಿನಾತು?" ಎಂದು ನನ್ನ ಭುಜ ಹಿಡಿದು ಅಲುಗಿಸಿದಳು.

ಉತ್ತರ ಕೊಟ್ಟದ್ದು ಆಯಿ. "ಉಪಾಸ ಅದಾಳಲ್ಲ. ಸಕ್ಕರಿ ಎಲ್ಲಿಂದ ಬರಬೇಕು?"

"ಅತ್ತಿ, ನನ್ನ ಮಗಳ ಸತ್ತರ ನಿಮ್ಮ ಉಪಾಸ ಯಾರಿಗೆ ಬೇಕ್ರಿ?" ಅವ್ವ ಆಯಿಯ ಮುಂದೆ ದನಿ ಎತ್ತಿದ್ದು ಅದೇ ಮೊದಲು, ಅದೇ ಕೊನೆ.

ಅಪ್ಪ ಅಂಗಡಿಗೆ ನೂಲು ಇಳಿಸಲು ಬಂದಿದ್ದ ಟೆಂಪೋವನ್ನೇ ಮನೆಗೆ ತಿರುಗಿಸಿದರು. ಬೇಲುಗಳ ಮೇಲೆ ಮಲಗಿಸಿದ್ದು ನೆನಪಿದೆ, ಆಯಿ ನನ್ನ ಕಾಲು ಹಿಡಿದು ಕೂತದ್ದು ನೆನಪಿದೆ. ಮೋಡ ಕವಿದಿತ್ತು. ಆಯಿ ಣಮೋಕಾರ ಮಂತ್ರ ಹೇಳುತ್ತಿದ್ದಳು. ಅದನ್ನು ಕೊನೆಗಾಲದವರ ಕಿವಿಯಲ್ಲಿಯೂ ಹೇಳುತ್ತಾರೆ. ಇದು ಯಾವುದಕ್ಕೆ ಎಂದು ಕೇಳಬೇಕೆಂದುಕೊಂಡೆ. ಬಾಯಿ ತೆರೆಯಲಾಗಲಿಲ್ಲ.

ಆಮೇಲಿನ ಎರಡು ದಿನ ನನ್ನ ಪಾಲಿಗಿಲ್ಲ.

ಎಚ್ಚರವಾದಾಗ ಎರಡೂ ಕೈಗೆ ಸಲಾಯಿನ್ ಹಚ್ಚಿದ್ದರು. ಆಯಿ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಅಂಗಾತ ಮಲಗಿದ್ದ ನನಗೆ ಆಕೆಯ ಬಿಳಿ ತಲೆ ಮಾತ್ರ ಕಾಣುತ್ತಿತ್ತು. ಡಾಕ್ಟರಬಾಯಿ ಬಂದು ನನ್ನ ಕಣ್ಣರೆಪ್ಪೆ ಎತ್ತಿ ನೋಡಿ, "ಇನ್ನ ನಾಕ ತಾಸ ತಡ ಮಾಡಿದ್ರ ನನ್ನ ಕೈಯಾಗೂ ಇರತಿರಲಿಲ್ಲ. ಸೂಜಿ ಬಿಡಸಿದವರು ಯಾರು?" ಎಂದು ಗುಡುಗಿದರು.

"ನಾನರಿ" ಎಂದಳು ಆಯಿ, ಎದ್ದು ನಿಂತು.

ಲೆಕ್ಕ ನನ್ನದು. ಅಂದು ಹೇಳಲಾಗದ್ದನ್ನು ಇಂದು ಹೇಳುತ್ತಿದ್ದೇನೆ: ತಪ್ಪು ನನ್ನದು, ಬೈಸಿಕೊಂಡದ್ದು ಆಕೆ.

ಕಾರಣ ಕೇಳಿದ ಮೇಲೆ ಡಾಕ್ಟರಬಾಯಿಯ ಸಿಟ್ಟು ಇಳಿಯಿತು. ಸ್ಟೂಲ್ ಎಳೆದುಕೊಂಡು ಕೂತರು. "ಮೊದಲ ಯಾಕ ಹೇಳಲಿಲ್ಲ? ಬ್ಯಾರೇ ಇನ್ಸುಲಿನ್ ಬಂದೈತಿ. ದನದ್ದೂ ಅಲ್ಲ, ಹಂದೀದೂ ಅಲ್ಲ. ನಮ್ಮ ಊರಾಗ ಸಿಗೂದಿಲ್ಲ, ಸದ್ಯಕ್ಕ ನನ್ನ ಕಡೆ ಒಂದ ಸೀಸೆ ಐತಿ, ಮುಂದ ಮಿರಜಿಂದ ತರಸಬೇಕು. ಸ್ವಲ್ಪ ತುಟ್ಟಿ."

"ಮತ್ತ ಅದು ಯಾವುದರದರೀ?" ಎಂದರು ಅಪ್ಪ.

"ಇನ್ಸುಲಿನ್ ಹೆಂಗ ಮಾಡಬೇಕು ಅನ್ನೂದು ನಮ್ಮ ಮೈಯಾಗ ಬರದಿಟ್ಟಂಗ ಇರತೈತ್ರಿ, ಡಿಎನ್‌ಎ ಅಂತಾರ ಅದಕ್ಕ. ಅಷ್ಟ ಬರಹದ ತುಣುಕ ತಯಾರ ಮಾಡಿ ಯೀಸ್ಟ್ ಅನ್ನೂ ಸಣ್ಣ ಜೀವದೊಳಗ ಸೇರಸ್ತಾರ. ಬ್ರೆಡ್ ಉಬ್ಬಸಾಕ ಹಾಕ್ತಾರಲ್ಲ, ಅದ. ಆಮ್ಯಾಲ ಅದು ಮನುಷ್ಯಾರ ಇನ್ಸುಲಿನ್ನ ಮಾಡಾಕ ಹತ್ತತೈತಿ."

ನಮ್ಮ ಕಡೆ ಸೀರೆಯ ದಡಿಯ, ಎಂದರೆ ಅಂಚಿನ, ನಮೂನೆಯನ್ನು ರಟ್ಟಿನ ಪಟ್ಟಿಗಳಲ್ಲಿ ತೂತು ಹೊಡೆದು ಮಗ್ಗಕ್ಕೆ ಏರಿಸುತ್ತಾರೆ. ರಟ್ಟು ಹೇಳಿದಂತೆ ಮಗ್ಗ ನೇಯುತ್ತದೆ. "ಅಂದ್ರ ನಮ್ಮ ದಡಿ ರಟ್ಟ ಒಯ್ದು ಮಂದಿ ಮಗ್ಗಕ್ಕ ಏರಸಿದಂಗ" ಎಂದರು ಅಪ್ಪ.

"ಭಾಳ ಛಲೋ ಹೇಳಿದ್ರಿ!" ಡಾಕ್ಟರಬಾಯಿ ಮೊದಲ ಸಲ ನಕ್ಕರು. ಅಪ್ಪನೂ ನಕ್ಕರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಲ್ಲ ಮುಗಿಯಿತು, ಎಲ್ಲ ನೆಟ್ಟಗಾಯಿತು ಎಂಬ ಗೆಲುವು ಆ ಕೋಣೆಯಲ್ಲಿತ್ತು. ಆಯಿ ಮಾತ್ರ ನಗಲಿಲ್ಲ.

"ನೇದು ಮುಗದ ಮ್ಯಾಲ ಆ ಜೀವ ಏನಾಗ್ತಾವ್ರಿ?" ಎಂದು ಕೇಳಿದಳು.

ಡಾಕ್ಟರಬಾಯಿ ಸುಳ್ಳು ಹೇಳಬಹುದಿತ್ತು. ಅವರು ಹೇಳಲಿಲ್ಲ. ಅದಕ್ಕೇ ನನಗೆ ಇವತ್ತಿಗೂ ಅವರ ಮೇಲೆ ಗೌರವ.

"ಸಾಯಸ್ತಾರ್ರಿ ಆಯಿ."

"ಎಷ್ಟು?"

"ಎಣಸಾಕ ಬರೂದಿಲ್ಲ. ಒಂದೊಂದ ಸೀಸೇಕ ಕೋಟಿಗಟ್ಲೆ."

"ಸಾಯೂದು ಅವುಕ ಗೊತ್ತಾಗತೈತೇನು?"

"ನನಗ ಗೊತ್ತಿಲ್ರಿ."

ಆಯಿ ಹೊರಗೆ ಹೋದಳು. ಬಾಗಿಲಿನಿಂದ ವರಾಂಡದ ಬೆಂಚು ಕಾಣುತ್ತಿತ್ತು. ಮಧ್ಯಾಹ್ನವೆಲ್ಲ ಅಲ್ಲೇ ಕೂತಳು. ಅಪ್ಪ ಊಟಕ್ಕೆ ಕರೆದರೆ ಕೈ ಅಲ್ಲಾಡಿಸಿದಳು. ಅವ್ವ ಹೋಗಿ ಪಕ್ಕದಲ್ಲಿ ಕೂತು ಎದ್ದು ಬಂದಳು. ನಾನು ಮಲಗಿದಲ್ಲಿಂದಲೇ ಆಕೆಯ ಬೆನ್ನು ನೋಡುತ್ತಿದ್ದೆ. ಆಕೆ ಎದ್ದು ಬಸ್ಸು ಹತ್ತಿ ಊರಿಗೆ ಹೋಗಿಬಿಟ್ಟರೆ? ಇನ್ನು ಜನ್ಮದಲ್ಲಿ ನನ್ನ ಕೈಯ ನೀರು ಮುಟ್ಟದಿದ್ದರೆ? ಸತ್ತಿದ್ದರೇ ಮೇಲಿತ್ತು ಎಂದು ಒಂದು ಗಳಿಗೆ ಅನಿಸಿತು. ಖರೆ ಹೇಳುತ್ತೇನೆ, ಅನಿಸಿತು.

ಹೊತ್ತು ಮುಳುಗುವ ಮೊದಲು ನಮಗೆ ಊಟವಾಗಬೇಕು, ಊಟಕ್ಕೆ ಅರ್ಧ ತಾಸು ಮೊದಲು ಸೂಜಿ. ನರ್ಸ್ ಹೊಸ ಸೀಸೆಯಿಂದ ಸಿರಿಂಜು ತುಂಬಿಕೊಂಡು ಬಂದ ಹೊತ್ತಿಗೆ ಆಯಿ ಒಳಗೆ ಬಂದಳು. ನಲ್ಲಿಯಲ್ಲಿ ಕೈ ತೊಳೆದಳು. ಹಬ್ಬದ ಅಡುಗೆಗೆ ಮೊದಲು ತೊಳೆಯುವಂತೆ ಮೊಣಕೈ ತನಕ ತೊಳೆದಳು.

"ಹೆಂಗ ಚುಚ್ಚೂದು ನನಗ ತೋರಸು" ಎಂದಳು ನರ್ಸ್‌ಗೆ.

"ಅವ್ವಾ, ನನಗ ಬರತೈತಿ. ಆಕಿಗೂ ಬರತೈತಿ. ನೀ ಯಾಕ?" ಎಂದರು ಅಪ್ಪ.

"ನೀನೂ ಬ್ಯಾಡ, ಆಕೀನೂ ಬ್ಯಾಡ. ಆಕಿ ಬದುಕೂದು ದೊಡ್ಡದಿರ್ಲಿ. ಕೊಂದ ಪಾಪ ಚುಚ್ಚಿದ ಕೈಗೆ ಇರ್ಲಿ."

ಜೀವಮಾನದಲ್ಲಿ ಒಂದು ಸೊಳ್ಳೆಯನ್ನೂ ಹೊಡೆಯದ ಆ ಕೈ ನನ್ನ ತೊಡೆಯ ಮೇಲೆ ಬಂದು ನಿಂತಿತು. ಅಪ್ಪನಂತೆ ನಡುಗಲಿಲ್ಲ. ಚುಚ್ಚಿ, ಪಿಸ್ಟನ್ ಒತ್ತಿ, ಐದು ಎಣಿಸಿ ಹೊರಗೆ ತೆಗೆದಳು. ಆಮೇಲೆ ನನ್ನ ತಲೆಯ ಹತ್ತಿರ ಇದ್ದ ಲೋಟ ನನ್ನ ಕೈಗೆ ಕೊಟ್ಟು, "ಈಗ ನನಗ ನೀರ ಕೊಡು" ಎಂದಳು.

ಮಿರಜಿನಿಂದ ಸೀಸೆ ಥರ್ಮಾಸಿನಲ್ಲಿ ಬರ್ಫದ ಜೊತೆ ನೂಲಿನ ಟೆಂಪೋದಲ್ಲಿ ಬರುತ್ತಿತ್ತು. ಮಳೆಗಾಲದಲ್ಲಿ ಕೃಷ್ಣೆ ಏರಿ ದಾರಿ ಬಂದಾದರೆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಸೀಸೆಯಲ್ಲಿ ಉಳಿದದ್ದನ್ನು ಬೆಳಕಿಗೆ ಹಿಡಿದು ನೋಡುವುದೇ ಕೆಲಸ. ನಾನು ಪದವಿ ಮುಗಿಸಿದೆ, ಬಿ.ಎಡ್. ಮಾಡಿದೆ, ನಮ್ಮೂರಲ್ಲೇ ನೌಕರಿ ಹಿಡಿದೆ. ಮದುವೆಯ ಮಾತು ಬೇರೆ, ನೋಡಲು ಬಂದವರು ತಿಂದ ಅವಲಕ್ಕಿಯ ಮೇಲೇ ಒಂದು ಪುಸ್ತಕ ಬರೆಯಬಹುದು. ಬೆಳಿಗ್ಗೆ ಸಂಜೆ ಆಯಿಯ ಸೂಜಿ ತಪ್ಪಲಿಲ್ಲ. ಚುಚ್ಚುವ ಮೊದಲು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುವಳು. ಕ್ಷಮೆ ಕೇಳುತ್ತಿದ್ದಳು ಎಂದು ನನಗೆ ಗೊತ್ತಿತ್ತು, ಯಾರ ಕ್ಷಮೆ ಎಂದೂ ಗೊತ್ತಿತ್ತು.

ಕಡೆಕಡೆಗೆ ಆಕೆಯ ಕಣ್ಣಿಗೆ ಪೊರೆ ಬಂತು. ಸಿರಿಂಜಿನ ಗೆರೆಗಳು ಕಾಣಿಸದಾದವು. ಒಂದು ಬೆಳಿಗ್ಗೆ ನೋಡುತ್ತೇನೆ, ಹತ್ತರ ಗೆರೆಗೆ ತುಂಬಬೇಕಾದದ್ದನ್ನು ಇಪ್ಪತ್ತಕ್ಕೆ ತುಂಬಿದ್ದಾಳೆ. ಅಷ್ಟು ಒಳಗೆ ಹೋಗಿದ್ದರೆ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ನಾನು ನೆಲಕ್ಕೆ ಬಿದ್ದಿರುತ್ತಿದ್ದೆ, ಬಹುಶಃ ಏಳುತ್ತಿರಲಿಲ್ಲ. ಅಂದಿನಿಂದ "ತಾ ಬೇ, ಗಾಳಿ ಐತೇನು ನೋಡ್ತೇನಿ" ಎಂದು ಸಿರಿಂಜು ಇಸಿದುಕೊಂಡು ಕಿಟಕಿಗೆ ಹೋಗಿ, ಹೆಚ್ಚಾದದ್ದನ್ನು ಚೆಲ್ಲಿ ತಿರುಗಿ ಆಕೆಯ ಕೈಗೆ ಕೊಡುತ್ತಿದ್ದೆ. ಎರಡು ವರ್ಷ ಹೀಗೆ ನಡೆಸಿದೆ. ಸೂಜಿ ಬಿಡು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಅಂಗಳದಲ್ಲಿ ಜಾರಿ ಬಿದ್ದ ಮೇಲೆ ಆಯಿ ಹಾಸಿಗೆ ಬಿಟ್ಟು ಏಳಲಿಲ್ಲ. ಮಾತು ಕಡಿಮೆಯಾಯಿತು, ಊಟ ನಿಂತಿತು. ಕೊನೆಯ ದಿನ ಬೆಳಿಗ್ಗೆ ನಾನು ಪಕ್ಕದಲ್ಲಿ ಕೂತಾಗ ಕಣ್ಣು ತೆರೆದಳು.

"ಆತೇನು?"

"ಇನ್ನೂ ಇಲ್ಲ ಬೇ."

"ತಾ."

ಸಿರಿಂಜು ತುಂಬಿ ಆಕೆಯ ಬೆರಳುಗಳ ನಡುವೆ ಇಟ್ಟೆ. ಒತ್ತಲು ಶಕ್ತಿಯಿರಲಿಲ್ಲ. ಆಕೆಯ ಹೆಬ್ಬೆರಳಿನ ಮೇಲೆ ನನ್ನ ಹೆಬ್ಬೆರಳು ಇಟ್ಟು ನಾನೇ ಒತ್ತಿದೆ. ಅದು ಆಕೆಗೆ ಗೊತ್ತಾಯಿತು. ಉಳಿದ ಬೆರಳುಗಳಿಂದ ನನ್ನ ಬೆರಳನ್ನು ದೂಡಲು ನೋಡಿದಳು, ಆಗಲಿಲ್ಲ. ಸಂಜೆಯ ಸೂಜಿಗೆ ಆಕೆ ಇರಲಿಲ್ಲ.

ಈಗ ನನಗೆ ನಲವತ್ತರ ಹತ್ತಿರ. ಒಂದು ಕಣ್ಣಿಗೆ ಲೇಸರ್ ಆಗಿದೆ, ಕಿಡ್ನಿಯ ರಿಪೋರ್ಟ್ ಬರುವ ದಿನ ಪಾಠದಲ್ಲಿ ಲೆಕ್ಕ ತಪ್ಪುತ್ತೇನೆ. ಮನೆಯಲ್ಲಿ ಫ್ರಿಜ್ ಇದೆ, ಔಷಧ ಬನಹಟ್ಟಿಯಲ್ಲೇ ಸಿಗುತ್ತದೆ, ಚುಚ್ಚುವುದು ನನ್ನ ಕೈ.

ಒಬ್ಬರ ಕರ್ಮವನ್ನು ಇನ್ನೊಬ್ಬರು ಹೊರಲು ಬರುವುದಿಲ್ಲ, ಹೆತ್ತ ತಾಯಿಗೂ ಬರುವುದಿಲ್ಲ. ನಮ್ಮ ಧರ್ಮದ ಅಕ್ಷರಾಭ್ಯಾಸ ಅದು. ನಾನು ಇನ್ನೂ ನೆಟ್ಟಗೆ ಮಾತಾಡಲು ಬಾರದ ವಯಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಅದನ್ನು ನನಗೆ ಬಾಯಿಪಾಠ ಮಾಡಿಸಿದವಳು ಆಯಿ. ವರಾಂಡದ ಬೆಂಚಿನಿಂದ ಎದ್ದು ಬಂದು ಕೈ ತೊಳೆದಾಗ ಅದು ಆಕೆಗೆ ಚೆನ್ನಾಗಿ ನೆನಪಿತ್ತು. ನೆನಪಿದ್ದೂ ಹನ್ನೊಂದು ವರ್ಷ, ದಿನಕ್ಕೆ ಎರಡು ಸಲ, ಆಕೆ ಸೂಜಿಯನ್ನು ನನ್ನ ಕೈಗೆ ಬಿಟ್ಟುಕೊಡಲಿಲ್ಲ.